ಮೊನೊಪಾಡ್ ಕಡಲತೀರದ ಮರಳಲ್ಲಿ, ಯಕ್ಷಗಾನದ ಆಟದಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತಾ?

ದೇವಬಾಗದ ಗಾಳಿ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಬೆಳಿಗ್ಗೆ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದು, ಕಾಳಿ ಅಳಿವೆಯ ಮೇಲೆ ಸುತ್ತುವ ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು, ನಾನು ಜಾಸ್ತಿ ತೆಗೆಯುವುದು ಇವನ್ನೇ. ಕ್ಯಾಮೆರಾ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್), ಲೆನ್ಸ್ 150-600 ಎಂಎಂ. ಎರಡೂ ಸೇರಿ ಮೂರು ಕಿಲೋ ಹತ್ತಿರ ಬರುತ್ತದೆ. ಹದ್ದು ಹತ್ತಿರ ಬರಲಿ ಅಂತ ಎತ್ತಿ ಹಿಡಿದು ಕಾಯುತ್ತಾ ನಿಂತರೆ ತೋಳು ನಡುಗಲು ಶುರುವಾಗುತ್ತದೆ. ಹಕ್ಕಿ ನೀರಿಗೆ ಎರಗುವುದು ಸರಿಯಾಗಿ ಆ ಹೊತ್ತಿಗೇ.

ಟ್ರೈಪಾಡ್ ಇದೆ. ಆದರೆ ರಂಪಣಿ ಹಗ್ಗ ಹಿಡಿದು ಅಷ್ಟು ಜನ ಹಿಂದೆ ಹಿಂದೆ ಬರುತ್ತಿರುವಾಗ ನಡುವೆ ಮೂರು ಕಾಲು ಹರಡಿ ನಿಲ್ಲೋದು ಸರಿಯಲ್ಲ. ಅವರದು ಹೊಟ್ಟೆಪಾಡು. ನಾವು ದಾರಿ ಬಿಡಬೇಕು. ಹಾಗಾಗಿ ಮೊನೊಪಾಡ್, ಅಂದರೆ ಕ್ಯಾಮೆರಾ ಕೂರಿಸುವ ಒಂಟಿ ಕಾಲಿನ ಕೋಲು, ಕೊಳ್ಳುವ ಯೋಚನೆ ಬಂತು.

ಮೆತ್ತಗಿನ ಮರಳಲ್ಲಿ ಅದು ನಿಲ್ಲುತ್ತಾ? ಹಾರುವ ಹಕ್ಕಿಗೆ ಆಗುತ್ತಾ? ಮೇಲೆ ಹೆಡ್ (ಲೆನ್ಸನ್ನು ಬೇಕಾದ ಕಡೆ ವಾಲಿಸುವ ಕೀಲು) ಬೇಕಾ, ಬೇಡ್ವಾ? ಬಳಸಿದವರು ಬಿಡಿಸಿ ಹೇಳಿದರೆ ಉಪಕಾರ.

ಕಾಳಿ ಕಡವು

ನಾನು ಬೇಡ ಅನ್ನುತ್ತೇನೆ. ಈಗಿನ ಲೆನ್ಸ್‌ಗಳಲ್ಲೇ ಸ್ಟೆಬಿಲೈಸೇಶನ್ (ನಡುಕ ತಡೆಯುವ ವ್ಯವಸ್ಥೆ) ಇದೆ. ಒಳ್ಳೆಯ ಬೆಳಕಿದ್ದಾಗ ಐಎಸ್‌ಒ 1600 (ಸೆನ್ಸರ್ ಬೆಳಕು ಹಿಡಿಯುವ ಶಕ್ತಿ) ಇಟ್ಟು 1/2000 ಸೆಕೆಂಡಿನ ಶಟರ್ ಸ್ಪೀಡಿನಲ್ಲಿ ಹೊಡೆಯಿರಿ, ಕೈ ನಡುಕ ಎಲ್ಲಿ ಕಾಣಬೇಕು? ನಾಯ್ಸ್ (ಫೋಟೊದಲ್ಲಿ ಕಾಳು ಕಾಳು) ಬಂದರೆ ಆಮೇಲೆ ತೆಗೆಯಬಹುದು. ಅಲುಗಿದ ಫೋಟೊ ಸರಿಪಡಿಸಲು ಆಗಲ್ಲ. ಹದ್ದು ತಲೆಯ ಮೇಲೆ ಬಂದಾಗ ನೆಲಕ್ಕೆ ಊರಿದ ಕೋಲು ಹಿಡಿದು ಏನು ಮಾಡುತ್ತೀರಿ? ಹಾರುವ ಹಕ್ಕಿಗೆ ಕೈಯೇ ಸರಿ. ತೋಳು ನೋಯುತ್ತಿದ್ದರೆ ಹಗುರ ಲೆನ್ಸ್ ನೋಡಿ.

ಅಡಿಕೆ ತೋಟದವ

ಕಾಳಿ ಕಡವು ಹೇಳಿದ್ದು ಬಿಸಿಲಿನ ಬೀಚಿಗೆ ಸರಿ. ನಮ್ಮ ಶಿರಸಿ ಕಡೆ ಕಾಡಿನೊಳಗೆ ಬನ್ನಿ, ಅಲ್ಲಿ ಲೆಕ್ಕವೇ ಬೇರೆ.

ಮೊದಲು ಮೊನೊಪಾಡ್ ಏನನ್ನು ತಡೆಯುತ್ತದೆ, ಏನನ್ನು ತಡೆಯಲ್ಲ ಅಂತ ನೋಡೋಣ. ಕೈಯಲ್ಲಿ ಹಿಡಿದ ಕ್ಯಾಮೆರಾ ಇಡಿಯಾಗಿ ಏರಿಳಿಯುತ್ತದೆ. ಲೆನ್ಸಿನ ಮೂತಿ ಮೇಲೆ ಕೆಳಗೆ ತೂಗುತ್ತದೆ. ಎಡಕ್ಕೆ ಬಲಕ್ಕೆ ತಿರುಗುತ್ತದೆ. ಒಂದು ಬದಿಗೆ ವಾಲುತ್ತದೆ. ಈ ನಾಲ್ಕರಲ್ಲಿ ಮೊನೊಪಾಡ್ ಪೂರ್ತಿ ನಿಲ್ಲಿಸುವುದು ಮೊದಲನೆಯದನ್ನು. ಎರಡನೆಯದನ್ನು ಸಾಕಷ್ಟು ಕಮ್ಮಿ ಮಾಡುತ್ತದೆ. ತಿರುಗುವುದನ್ನೂ ವಾಲುವುದನ್ನೂ ನಿಮ್ಮ ಮೈಯೇ ತಡೆಯಬೇಕು. ಇದನ್ನು ತಿಳಿಯದೆ ಕೊಂಡವರೇ ‘ಏನೂ ಉಪಯೋಗ ಇಲ್ಲ’ ಅನ್ನೋದು. ಅರ್ಧ ಸೆಕೆಂಡ್ ಎಕ್ಸ್‌ಪೋಶರ್ ಇಟ್ಟು ಉಂಚಳ್ಳಿ ಜಲಪಾತದ ನೀರನ್ನು ಹಾಲಿನ ಹಾಗೆ ತೆಗೀತೀನಿ ಅಂದರೆ ಇದು ಆಗದು. ಅದಕ್ಕೆ ಟ್ರೈಪಾಡೇ ಬೇಕು.

ಈಗ ಲೆಕ್ಕ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ ಕನಿಷ್ಠ 1/ಫೋಕಲ್ ಲೆಂತ್ ಇರಲಿ ಅನ್ನುವ ಹಳೆ ನಿಯಮ ಇದೆಯಲ್ಲ, ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದನ್ನು ಒಂದೂವರೆ ಪಟ್ಟು ಮಾಡಬೇಕು. 600 ಎಂಎಂ ಅಂದರೆ 900. ಹತ್ತಿರದ್ದು 1/1000. ಹಸಿರು ಮುಚ್ಚಿದ ಮರದ ಕೆಳಗೆ ಮುಂಜಾನೆ ಆ ವೇಗಕ್ಕೆ ಐಎಸ್‌ಒ 6400 ಬೇಕಾಗುತ್ತದೆ ಅಂದುಕೊಳ್ಳಿ. ಮೊನೊಪಾಡ್ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಉಳಿಸಿಕೊಟ್ಟರೆ 1/250 ಸಾಕು, ಐಎಸ್‌ಒ 1600ಕ್ಕೆ ಇಳಿಯುತ್ತದೆ. ಮಂಗಟ್ಟೆ ಹಕ್ಕಿಯ ಕಪ್ಪು ರೆಕ್ಕೆಯಲ್ಲಿ ಗರಿ ಗರಿ ಬಿಡಿಯಾಗಿ ಕಾಣುವುದಕ್ಕೂ ಬರೀ ಕಪ್ಪು ಮುದ್ದೆ ಕಾಣುವುದಕ್ಕೂ ಅಷ್ಟೇ ವ್ಯತ್ಯಾಸ. ಸ್ಟೆಬಿಲೈಸೇಶನ್ ಅನ್ನು ಮೊನೊಪಾಡ್ ಮೇಲೆ ಆರಿಸಬೇಡಿ. ಆರಿಸುವುದು ಟ್ರೈಪಾಡ್ ಮೇಲೆ. ಇಲ್ಲಿ ಕೋಲು ಬಿಟ್ಟ ನಡುಕವನ್ನು ಅದು ಹಿಡಿಯುತ್ತದೆ, ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ನಿಲ್ಲುವ ರೀತಿಯೇ ಮುಖ್ಯ. ಕೋಲನ್ನು ನೆಟ್ಟಗೆ ಮೈಗೆ ಅಂಟಿಸಿ ನಿಲ್ಲಿಸಬೇಡಿ. ಅದರ ಪಾದ ನಿಮ್ಮಿಂದ ಒಂದು ಹೆಜ್ಜೆ ಮುಂದೆ ಇರಲಿ, ತುದಿ ನಿಮ್ಮ ಕಡೆ ವಾಲಲಿ. ನಿಮ್ಮ ಕಾಲು ಎರಡೂ ಅಗಲಕ್ಕೆ ಇರಲಿ. ಆಗ ಒಟ್ಟು ಮೂರು ಕಾಲು ಆಯಿತಲ್ವಾ? ಮೈಭಾರವನ್ನು ಸ್ವಲ್ಪ ಮುಂದಕ್ಕೆ, ಕೋಲಿನ ಮೇಲೆ ಬಿಡಿ. ಎಡಗೈ ಲೆನ್ಸಿನ ಕೆಳಗೆ ಬೇಡ, ಭಾರ ಹೊರಲು ಈಗ ಕೋಲು ಇದೆ. ಅಂಗೈಯನ್ನು ಲೆನ್ಸಿನ ಮೇಲೆ, ಕಾಲರ್ (ಲೆನ್ಸನ್ನು ಕೋಲಿಗೆ ಕೂರಿಸುವ ಬಳೆ) ಹತ್ತಿರ ಇಟ್ಟು ಕೆಳಗೆ ಒತ್ತಿ. ಕಣ್ಣಿನ ರಬ್ಬರ್ ಹುಬ್ಬಿಗೆ ತಾಗಿರಲಿ. ಮೊಣಕೈ ಪಕ್ಕೆಗೆ. ಉಸಿರು ಅರ್ಧ ಬಿಟ್ಟು, ತಡೆದು, ಬಟನ್ ಮೇಲೆ ಬೆರಳನ್ನು ಮೆಲ್ಲಗೆ ಒತ್ತಿ ಹಾಗೇ ಹಿಡಿಯಿರಿ, ಮೂರ್ನಾಲ್ಕು ಫ್ರೇಮ್ ಹೋಗಲಿ. ಮೊದಲನೆಯದರಲ್ಲಿ ಬೆರಳು ಒತ್ತಿದ ಅಲುಗಾಟ ಇರುತ್ತದೆ. ಎರಡನೆಯದೋ ಮೂರನೆಯದೋ ಚೂಪಾಗಿ ಸಿಗುತ್ತದೆ.

ಹೆಡ್ ವಿಷಯ. ಇಷ್ಟು ಭಾರದ ಲೆನ್ಸಿಗೆ ಬಾಲ್ ಹೆಡ್ ಬೇಡ. ಸಡಿಲ ಬಿಟ್ಟ ತಕ್ಷಣ ಲೆನ್ಸ್ ಬದಿಗೆ ಮಗುಚುತ್ತದೆ. ಹಿಂದೆ ಮುಂದೆ ಮಾತ್ರ ವಾಲುವ ಟಿಲ್ಟ್ ಹೆಡ್ ಸಾಕು. ಸುತ್ತ ತಿರುಗಲು ಕೋಲೇ ತಿರುಗುತ್ತದೆ. ಉದ್ದ ಫ್ರೇಮಿಗೆ ಲೆನ್ಸಿನ ಕಾಲರ್ ಸಡಿಲಿಸಿದರೆ ಆಯಿತು. ಬೇರೆ ಏನು ಬೇಕು?

ಎತ್ತರದ ಬಗ್ಗೆ ಅಂಗಡಿಯವರು ಹೇಳದ ಒಂದು ಮಾತು. ನಿಂತಾಗ ಕಣ್ಣಿನ ಮಟ್ಟಕ್ಕೆ ಬಂದರೆ ಸಾಕು ಅಂತ ಕೊಳ್ಳಬೇಡಿ. ಲೆನ್ಸನ್ನು ಎತ್ತರದ ಮರಕ್ಕೆ ಹಿಡಿದಾಗ ಮೂತಿ ಮೇಲೇರುತ್ತದೆ, ಹಿಂದಿನ ಕ್ಯಾಮೆರಾ ಕೆಳಗಿಳಿಯುತ್ತದೆ. ಆಗ ಬಗ್ಗಿ ಕತ್ತು ಮುರಿದುಕೊಂಡು ನೋಡಬೇಕು. ಕಣ್ಣಿಗಿಂತ ಒಂದು ಗೇಣು ಜಾಸ್ತಿ ಎತ್ತರಕ್ಕೆ ಹೋಗುವುದನ್ನೇ ತೆಗೆದುಕೊಳ್ಳಿ.

ರಂಗಸ್ಥಳ

ಹೊನ್ನಾವರದಿಂದ ಬರೆಯುತ್ತಿದ್ದೇನೆ. ಯಕ್ಷಗಾನಕ್ಕೆ ಇದು ಆಗುತ್ತದೆಯೇ ಅನ್ನುವುದು ನನಗೆ ಬಹಳ ಹತ್ತಿರದ ವಿಷಯ. ಹಾಗಾಗಿ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ನಮ್ಮ ಊರಿನ ಸುತ್ತ ಆಟ ಅಂದರೆ ರಾತ್ರಿ. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ನಡೆದುಕೊಂಡು ಬಂದಿರುವ ಜಾಗ ಇದು. ನೋಡುವವರು ಮೈಯೆಲ್ಲ ಕಣ್ಣಾಗಿ ನೋಡುತ್ತಾರೆ. ಅವರ ಮುಂದೆ ಟ್ರೈಪಾಡ್ ಹರಡಿದರೆ ಯಾರಿಗೂ ಹಿತವಲ್ಲ. ಮೊನೊಪಾಡ್ ಆದರೆ ಒಂದು ಕುರ್ಚಿಯ ಜಾಗದಲ್ಲಿ ಕೆಲಸ ಆಗುತ್ತದೆ. ಕುರ್ಚಿಯಲ್ಲಿ ಕೂತು, ಕೋಲನ್ನು ಗಿಡ್ಡ ಮಾಡಿ ಎರಡು ಮೊಣಕಾಲುಗಳ ನಡುವೆ ಅವುಚಿ ಹಿಡಿದರೆ ಬದಿಗೆ ವಾಲುವುದೂ ನಿಲ್ಲುತ್ತದೆ. ನಿಂತು ತೆಗೆದದ್ದಕ್ಕಿಂತ ಇದು ಗಟ್ಟಿ.

ಆದರೆ ಒಂದನ್ನು ನೆನಪಿಡಿ. ಮೊನೊಪಾಡ್ ನಿಲ್ಲಿಸುವುದು ನಿಮ್ಮ ನಡುಕವನ್ನು, ವೇಷಧಾರಿಯ ಕುಣಿತವನ್ನಲ್ಲ. 1/60 ಇಟ್ಟು ಗಿರ್ಕಿ (ಗಿರಗಿರ ಸುತ್ತುವುದು) ತೆಗೆದರೆ ಕಿರೀಟ ಒಂದು ಬಣ್ಣದ ಪಟ್ಟೆ ಆಗುತ್ತದೆ. ಕುಣಿತಕ್ಕೆ 1/320, 1/500 ಬೇಕೇ ಬೇಕು. ಅಲ್ಲಿ ಮೊನೊಪಾಡಿನಿಂದ ಆಗುವ ಲಾಭ ಭಾರ ಇಳಿಯುವುದು ಮಾತ್ರ. ಇಡೀ ರಾತ್ರಿ ಭಾರದ 70-200 ಎಫ್/2.8 ಲೆನ್ಸ್ ಹಿಡಿದು ಕೂತವರಿಗೆ ಅದೂ ಸಣ್ಣ ಲಾಭ ಅಲ್ಲ.

ನಿಜವಾದ ಗಳಿಕೆ ಅರ್ಥಗಾರಿಕೆಯ ಹೊತ್ತಿನಲ್ಲಿ. ಪಾತ್ರಧಾರಿ ನಿಂತು ಮಾತಾಡುತ್ತಾನೆ. ಕಣ್ಣು ತಿರುಗುತ್ತದೆ, ಹುಬ್ಬು ಏರುತ್ತದೆ, ಉಳಿದ ಮೈ ನಿಂತಿರುತ್ತದೆ. ಅಲ್ಲಿ 200 ಎಂಎಂನಲ್ಲಿ 1/100ಕ್ಕೆ ಇಳಿಯಬಹುದು. ಮುಖದ ಬಣ್ಣದ ಮೇಲೆ ಬೆವರು ಕಟ್ಟಿದ್ದು, ಹಣೆಯ ತಿಲಕದ ಅಂಚು ಎಲ್ಲ ಸ್ಪಷ್ಟ ಬರುತ್ತದೆ. 1/100 ಅಂತ ಹೇಳಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 1/100 ಅಥವಾ 1/50 ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟೆ ಬರುವುದಿಲ್ಲ. ಕೈಯಲ್ಲಿ ಹಿಡಿದು ಆ ವೇಗದಲ್ಲಿ ಚೂಪು ತರುವುದು ಕಷ್ಟ. ಮೊನೊಪಾಡ್ ಇದ್ದರೆ ಆಗುತ್ತದೆ.

ಕುಣಿತದಲ್ಲೂ ಸಂದು ಸಿಗುತ್ತದೆ. ಚಂಡೆ ಕೇಳುತ್ತಾ ಇರಿ. ತಾಳದ ಮುಕ್ತಾಯಕ್ಕೆ ಬರುತ್ತಿದ್ದಂತೆ ವೇಷ ಒಂದು ಭಂಗಿಯಲ್ಲಿ ಕ್ಷಣ ನಿಲ್ಲುತ್ತದೆ. ಭಾಗವತರ ತಾಳವನ್ನು ಕಿವಿಯಲ್ಲಿ ಹಿಡಿದವರಿಗೆ ಆ ಕ್ಷಣ ಮೊದಲೇ ಗೊತ್ತಾಗುತ್ತದೆ. ಅದಕ್ಕೆ ಸರಿಯಾಗಿ ಬೆರಳು ಒತ್ತಬೇಕು. ಯಕ್ಷಗಾನ ಕೇಳದವರು ಎಷ್ಟು ಒಳ್ಳೆಯ ಕ್ಯಾಮೆರಾ ತಂದರೂ ಇದು ಸಿಗುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು. ರಂಗಸ್ಥಳ ಮರದ ಹಲಗೆಯದ್ದಾಗಿದ್ದರೆ ಕೋಲಿನ ಪಾದವನ್ನು ಅದಕ್ಕೆ ತಾಗಿಸಬೇಡಿ. ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ಹಲಗೆ ಇಡೀ ಅದುರುತ್ತದೆ. ಆ ಅದುರು ಕೋಲಿನ ಮೂಲಕ ನೇರ ಲೆನ್ಸಿಗೆ ಬರುತ್ತದೆ. ನೆಲದ ಮೇಲೇ ಊರಿ.

ದೇವಬಾಗದ ಗಾಳಿ

ಇಷ್ಟು ಬಿಡಿಸಿ ಬರೆದದ್ದಕ್ಕೆ ಇಬ್ಬರಿಗೂ ಬಹಳ ಥ್ಯಾಂಕ್ಸ್. ಒಬ್ಬ ಗೆಳೆಯನ ಮೊನೊಪಾಡ್ ತಂದು ದಂಡೆಯಲ್ಲಿ ನಿಲ್ಲಿಸಿ ನೋಡುತ್ತಿದ್ದೇನೆ. ಭಾರ ಇಳಿದದ್ದು ನಿಜ, ತೋಳು ಆರಾಮ. ಆದರೆ ನೀರಿನಂಚಿನಲ್ಲಿ ಅಲೆ ಬಂದು ಹೋದಾಗ ಪಾದದ ಸುತ್ತಲಿನ ಮರಳು ಜಾರುತ್ತದೆ, ಕೋಲು ನಿಧಾನಕ್ಕೆ ಇಳಿಯುತ್ತದೆ. ಮೇಲಿನ ಒಣ ಮರಳಲ್ಲೂ ಅದೇ ಕತೆ. ಇದಕ್ಕೇನು ಉಪಾಯ? ದೋಣಿಯಲ್ಲಿ ಬಳಸಬಹುದಾ ಅನ್ನೋದೂ ತಿಳಿಯಬೇಕಿತ್ತು. ಕೂರ್ಮಗಡದ ಕಡೆ ಡಾಲ್ಫಿನ್ ನೋಡಲು ಹೋಗುವ ಯೋಚನೆ ಇದೆ.

ಉಪ್ಪುನೀರು

ಅಂಕೋಲಾದಿಂದ. ಸಮುದ್ರದ ಪಕ್ಕದ ಕೆಲಸ ನನ್ನದು, ಹಾಗಾಗಿ ಇದಕ್ಕೆ ನಾನು ಉತ್ತರ ಹೇಳುತ್ತೇನೆ.

ಕೋಲಿನ ಪಾದ ಸಣ್ಣದು, ಭಾರ ಎಲ್ಲ ಒಂದು ಬಿಂದುವಿನ ಮೇಲೆ. ಅದಕ್ಕೇ ಇಳಿಯುತ್ತದೆ. ಅಗಲದ ಅಡಿ ಕೊಡಿ. ಹಳೆಯ ಹವಾಯಿ ಚಪ್ಪಲಿ ಒಂದು ಸಾಕು. ಮರಳ ಮೇಲೆ ಚಪ್ಪಲಿ, ಅದರ ಮೇಲೆ ಕೋಲು. ರಬ್ಬರ್ ಮೇಲೆ ರಬ್ಬರ್ ಪಾದ ಜಾರುವುದಿಲ್ಲ. ಚೂಪು ಮೊಳೆ ಇರುವ ಪಾದ ಕಾಡಿನ ಮಣ್ಣಿಗೆ ಒಳ್ಳೆಯದು, ಮರಳಿಗೆ ಬೇಡ. ಅಲೆ ತೊಳೆಯುವ ಅಂಚನ್ನು ಬಿಟ್ಟು ಸ್ವಲ್ಪ ಮೇಲಕ್ಕೆ ಬನ್ನಿ. ಇಳಿತದ ಹೊತ್ತಿಗೆ ಒದ್ದೆ ಇದ್ದೂ ಅಲೆ ಮುಟ್ಟದ ಒಂದು ಪಟ್ಟೆ ಇರುತ್ತದೆ ನೋಡಿ, ಬೀಚಿನಲ್ಲಿ ಅಷ್ಟು ಗಟ್ಟಿ ನೆಲ ಬೇರೆ ಇಲ್ಲ.

ಕೋಲು ಉದ್ದ ಮಾಡುವಾಗ ಸಾಮಾನ್ಯವಾಗಿ ಹೇಳುವುದು ದಪ್ಪ ಕೊಳವೆ ಮೊದಲು ಎಳೆಯಿರಿ, ತೆಳ್ಳಗಿನ ಕೊನೆಯದನ್ನು ಆದಷ್ಟು ಒಳಗೇ ಇಡಿ ಅಂತ. ತೆಳ್ಳಗಿನದು ಜಾಸ್ತಿ ಬಳುಕುತ್ತದೆ, ಅದಕ್ಕೆ. ಬೀಚಿನಲ್ಲಿ ನಾನು ತಿರುಗಿಸಿ ಮಾಡುತ್ತೇನೆ. ಕೊನೆಯದನ್ನೇ ಪೂರ್ತಿ ಎಳೆಯುತ್ತೇನೆ. ಆಗ ಕೊಳವೆ ಬಿಗಿಯುವ ಕೆಳಗಿನ ಲಾಕ್ ನೀರಿಗೂ ಮರಳಿಗೂ ಸಿಗದೆ ಮೇಲೆ ಉಳಿಯುತ್ತದೆ. ಸ್ವಲ್ಪ ಬಳುಕಿದರೂ ಪರವಾಗಿಲ್ಲ. ಲಾಕಿನೊಳಗೆ ಮರಳು ಹೊಕ್ಕರೆ ತಿರುಗಿಸಿದಾಗಲೆಲ್ಲ ಕರಕರ ಅನ್ನುತ್ತದೆ, ಕೊಳವೆಯ ಮೇಲೆ ಗೀರು ಬೀಳುತ್ತದೆ, ಕೊನೆಗೆ ಕಚ್ಚಿಕೊಂಡು ಕೂತುಬಿಡುತ್ತದೆ.

ಮನೆಗೆ ಬಂದ ದಿನವೇ ಸಿಹಿನೀರಲ್ಲಿ ತೊಳೆಯಿರಿ. ನಾಳೆ ಅನ್ನಬೇಡಿ. ತಿರುಗಿಸುವ ಲಾಕ್ ಆದರೆ ಅದನ್ನು ಪೂರ್ತಿ ಬಿಚ್ಚಿ ಕೊಳವೆ ಹೊರಗೆ ಎಳೆಯಬಹುದು. ಒಳಗೆ ಎರಡು ಪ್ಲಾಸ್ಟಿಕ್ ಚಿಪ್ಪು ಇರುತ್ತವೆ, ಎಳೆದ ಕೂಡಲೇ ಉದುರುತ್ತವೆ. ಕೆಳಗೆ ಒಂದು ತಟ್ಟೆ ಇಟ್ಟುಕೊಂಡು ಮಾಡಿ. ಯಾವುದು ಯಾವ ಮುಖಕ್ಕೆ ಇತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನೆರಳಲ್ಲಿ ಒಣಗಿಸಿ. ಗ್ರೀಸ್ ಹಚ್ಚುವುದಾದರೆ ಲಾಕಿನ ಸ್ಕ್ರೂ ಸುತ್ತಿನ ಮೇಲೆ ಮಾತ್ರ, ತೆಳ್ಳಗೆ. ಚಿಪ್ಪಿಗೂ ಕೊಳವೆಗೂ ಹಚ್ಚಿದರೆ ಲಾಕ್ ಹಿಡಿಯುವುದಿಲ್ಲ, ಲೆನ್ಸಿನ ಭಾರಕ್ಕೆ ಕೋಲು ಜಾರಿ ಒಳಗೆ ಹೋಗುತ್ತದೆ.

ಕಾರ್ಬನ್ ಫೈಬರ್ ಕೊಂಡರೆ ಉಪ್ಪಿನ ಚಿಂತೆ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಕಾರ್ಬನ್ ಕೊಳವೆಗೆ ಏನೂ ಆಗಲ್ಲ, ನಿಜ. ಆದರೆ ಅದರ ಕೀಲುಗಳು ಅಲ್ಯೂಮಿನಿಯಂ. ಕಾರ್ಬನ್ನೂ ಅಲ್ಯೂಮಿನಿಯಮ್ಮೂ ತಾಗಿರುವಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆ. ಬಿಳಿ ಪುಡಿ ಕಟ್ಟಿದ್ದು ಕಾಣುತ್ತದಲ್ಲ, ಅದೇ. ಹಾಗಾಗಿ ಯಾವುದೇ ಆದರೂ ತೊಳೆಯೋದು ತಪ್ಪಿದ್ದಲ್ಲ.

ದೋಣಿ: ಇಂಜಿನ್ ಓಡುತ್ತಿರುವಾಗ ದೋಣಿಯ ಹಲಗೆಗೆ ಊರಲೇಬೇಡಿ, ಆ ನಡುಕ ಎಲ್ಲ ಮೇಲೆ ಬರುತ್ತದೆ. ಅಲ್ಲೂ ಅದೇ ಚಪ್ಪಲಿಯನ್ನು ಕೋಲಿನ ಕೆಳಗೆ ಇಡಿ, ಇಲ್ಲವೇ ನಿಮ್ಮ ಪಾದದ ಮೇಲೇ ಊರಿಕೊಳ್ಳಿ. ಇಂಜಿನ್ ಆರಿಸಿ ತೇಲುವಾಗ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. ಅಲೆಯ ಏರಿಳಿತವನ್ನು ಕೋಲು ತಡೆಯುವುದಿಲ್ಲ. 1/1600ಕ್ಕಿಂತ ಕೆಳಗೆ ಇಳಿಯಬೇಡಿ. ಡಾಲ್ಫಿನ್ ಮೇಲೆ ಬರುವುದು ಎರಡು ಉಸಿರಿನಷ್ಟು ಹೊತ್ತು. ಅದು ಎಲ್ಲಿ ಏಳುತ್ತದೋ ಗೊತ್ತಿರಲ್ಲ. ಕೋಲು ಅಲ್ಲಿ ಕಾಯುವಾಗ ಭಾರ ಹೊರಲಿಕ್ಕೆ ಅಷ್ಟೇ.

ಹೊಸ ಕ್ಯಾಮೆರಾ

ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಸಣ್ಣ ಕ್ಯಾಮೆರಾ, ಜೊತೆಗೆ ಬಂದ 18-55 ಮತ್ತು ಒಂದು 55-250 ಇದೆ. ಶಿರಸಿ ಮಾರಿಕಾಂಬಾ ಜಾತ್ರೆ ತೆಗೆಯುವ ಆಸೆ. ಈಗಲೇ ಮೊನೊಪಾಡಿಗೆ ದುಡ್ಡು ಹಾಕಲು ಆಗದು. ಬೇರೆ ದಾರಿ ಇದೆಯಾ?

ಅಡಿಕೆ ತೋಟದವ

ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚು ದಪ್ಪದ ಗಿಡ್ಡ ಬೋಲ್ಟ್ ಒಂದು ತನ್ನಿ. ಕ್ಯಾಮೆರಾದ ಅಡಿಯ ತೂತಿಗೆ ಅದು ಕೂರುತ್ತದೆ. ಬೋಲ್ಟಿಗೆ ಗಟ್ಟಿ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಬಿಗಿ ಹಿಡಿಯಿರಿ. ಆ ಎಳೆತಕ್ಕೆ ಏರಿಳಿತ ನಿಲ್ಲುತ್ತದೆ. ಒಂದು ಸ್ಟಾಪ್ ಆರಾಮಾಗಿ ಸಿಗುತ್ತದೆ. ಬೋಲ್ಟನ್ನು ಜಾಸ್ತಿ ಒಳಗೆ ತಿರುಗಿಸಬೇಡಿ. ತೂತಿನ ಆಳ ಸುಮಾರು 5 ಎಂಎಂ ಅಷ್ಟೇ. ನಡುವೆ ಒಂದೆರಡು ವಾಶರ್ ಹಾಕಿದರೆ ಭಯ ಇಲ್ಲ. ಭಾರದ ಲೆನ್ಸಿಗೆ ದಾರ ಆಗಲ್ಲ, ನಿಮ್ಮ ಎರಡು ಲೆನ್ಸಿಗೂ ಆಗುತ್ತದೆ.

ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತೇರಿನ ದಿನ ಕಾಲಿಡಲು ಜಾಗ ಇರಲ್ಲ. ಅಲ್ಲಿ ಕೆಲವರು ಮೊನೊಪಾಡ್ ತುದಿಗೆ ಕ್ಯಾಮೆರಾ ಕಟ್ಟಿ, ಟೈಮರ್ ಇಟ್ಟು, ಜನರ ತಲೆಯ ಮೇಲಿಂದ ತೇರು ತೆಗೆಯುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಎತ್ತುವ ಮೊದಲು ಮೇಲೆ ಕರೆಂಟಿನ ತಂತಿ ಇದೆಯಾ ನೋಡಿ. ಅಲ್ಯೂಮಿನಿಯಂ ಮಾತ್ರ ಅಲ್ಲ, ಕಾರ್ಬನ್ ಫೈಬರ್‌ನಲ್ಲೂ ಕರೆಂಟು ಹರಿಯುತ್ತದೆ. ಕಾರ್ಬನ್ ದೋಟಿಯಲ್ಲಿ ಅಡಿಕೆ ಕೊನೆ ಇಳಿಸುವ ನಮ್ಮವರಿಗೆ ಇದು ಹೇಳಬೇಕಾಗಿಲ್ಲ, ತೋಟದಲ್ಲಿ ತಂತಿ ಇರುವ ಕಡೆ ಅವರು ದೋಟಿ ಎತ್ತುವುದೇ ಇಲ್ಲ. ಜಾತ್ರೆಯ ಗಡಿಬಿಡಿಯಲ್ಲಿ ಯಾರೂ ಮೇಲೆ ನೋಡುವುದಿಲ್ಲ. ದಯವಿಟ್ಟು ನೋಡಿ.

ಕಾಳಿ ಕಡವು

ಕಾಡಿನ ಲೆಕ್ಕ, ಆಟದ ಲೆಕ್ಕ ಎರಡನ್ನೂ ಒಪ್ಪುತ್ತೇನೆ. ಹಾರುವ ಹದ್ದಿನ ವಿಷಯದಲ್ಲಿ ಮಾತ್ರ ನನ್ನ ಮಾತಿಗೆ ಅಂಟಿಕೊಂಡಿದ್ದೇನೆ. ತಲೆಯ ಮೇಲಿನ ಹಕ್ಕಿಗೆ ಮೊನೊಪಾಡ್ ಅಡ್ಡಿ.

ಆದರೆ ಅಳಿವೆಯಲ್ಲಿ ನೀರಿನ ಮಟ್ಟಕ್ಕೆ ಹಾರುವ ಗರುಡನಿಗೆ ಅದು ಒಳ್ಳೆಯದೇ. ಹಕ್ಕಿ ಅಡ್ಡಕ್ಕೆ ಹೋಗುತ್ತದೆ, ಲೆನ್ಸೂ ಅದರ ಜೊತೆ ಅಡ್ಡಕ್ಕೆ ತಿರುಗಬೇಕು. ಏರಿಳಿತ ಇಲ್ಲದೆ ತಿರುಗಿಸಲು ಕೋಲು ಸಹಾಯ ಮಾಡುತ್ತದೆ. ನಿಮ್ಮ ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಮೋಡ್ 2 ಇದ್ದರೆ ಅದಕ್ಕೆ ಹಾಕಿ, ಅದು ಅಡ್ಡ ತಿರುಗುವುದನ್ನು ತಡೆಯಲು ಹೋಗುವುದಿಲ್ಲ. ಸೊಂಟವನ್ನು ತಿರುಗಿಸಿ, ತೋಳನ್ನಲ್ಲ. ಹಕ್ಕಿ ಎಲ್ಲಿ ತಲುಪಬೇಕೋ ಆ ಕಡೆಗೆ ಪಾದ ಮೊದಲೇ ತಿರುಗಿರಲಿ. ಕಾರವಾರದಲ್ಲಿ ಬೆಳಿಗ್ಗೆ ಸೂರ್ಯ ಗುಡ್ಡದ ಹಿಂದಿನಿಂದ ತಡವಾಗಿ ಮೇಲೇರುತ್ತಾನೆ. ಬಂದ ಮೇಲೆ ಬೆಳಕು ನಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ. ಗರುಡನ ಕಂದು ಬಣ್ಣ ಆಗ ಸರಿಯಾಗಿ ಬರುತ್ತದೆ. ಸಂಜೆ ಬರೀ ನೆರಳು.

ಉದ್ದ ಲೆನ್ಸ್ ಹೊತ್ತು ಹೊಸದಾಗಿ ಬರುವವರಿಗೆ: ಅರ್ಗಾ ಕಡೆ ನೌಕಾನೆಲೆ ಇದೆ. ಆ ದಿಕ್ಕಿಗೆ ಲೆನ್ಸ್ ತಿರುಗಿಸಬೇಡಿ. ಕಾವಲಿನವರು ಕೇಳಿದರೆ ವಾದ ಮಾಡದೆ ತೋರಿಸಿ.

ದೇವಬಾಗದ ಗಾಳಿ

ಚಪ್ಪಲಿಯ ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡಿತು. ರಂಪಣಿ ಬಲೆ ದಡಕ್ಕೆ ಬರುವಾಗ ಮೇಲೆ ಗರುಡಗಳು ಮುತ್ತುತ್ತವಲ್ಲ, ಆಗ ತೆಗೆದವು ಚೂಪಾಗಿವೆ. ಹಗ್ಗದವರು ಹತ್ತಿರ ಬಂದಾಗ ಕೋಲು ಎತ್ತಿಕೊಂಡು ಎರಡು ಹೆಜ್ಜೆ ಸರಿದರೆ ಆಯಿತು. ಟ್ರೈಪಾಡ್ ಆಗಿದ್ದರೆ ಇದು ಸಾಧ್ಯ ಇರಲಿಲ್ಲ. ಟಿಲ್ಟ್ ಹೆಡ್ ಇರುವ ಅಲ್ಯೂಮಿನಿಯಂ ಒಂದನ್ನು ಕೊಳ್ಳುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ.

ಕೊನೆಯ ಪ್ರಶ್ನೆ. ಲೆನ್ಸ್ ಹಾಕಿದ ಹಾಗೆಯೇ ಕೋಲನ್ನು ಹೆಗಲ ಮೇಲೆ ಹೊತ್ತು ನಡೆಯಬಹುದಾ? ಬಹಳ ಜನ ಹಾಗೆ ಮಾಡೋದು ನೋಡಿದ್ದೇನೆ.

ಉಪ್ಪುನೀರು

ಮಾಡಬಹುದು, ಆದರೆ ಸ್ಕ್ರೂವನ್ನು ನಂಬಿ ಅಲ್ಲ. ನಡೆಯುವಾಗ ಲೆನ್ಸ್ ಬೆನ್ನ ಹಿಂದೆ ಅಲ್ಲಾಡುತ್ತಾ ಕಾಲರಿನ ಅಡಿಯ ಸ್ಕ್ರೂ ನಿಧಾನಕ್ಕೆ ಸಡಿಲ ಆಗುತ್ತದೆ, ನಿಮ್ಮ ಕಣ್ಣಿಗೆ ಬೀಳಲ್ಲ. ಲೆನ್ಸಿನ ಪಟ್ಟಿಯನ್ನು ಕುತ್ತಿಗೆಗೋ ಭುಜಕ್ಕೋ ಹಾಕಿಕೊಂಡೇ ಇರಿ. ಹೆಡ್ಡಿನ ಪ್ಲೇಟಿನಲ್ಲಿ ಜಾರದಂತೆ ತಡೆಯುವ ಪುಟ್ಟ ಪಿನ್ ಇದ್ದರೆ ಅದನ್ನು ಬಿಚ್ಚಿ ಎಸೆಯಬೇಡಿ. ಹೊರಡುವ ಮೊದಲು ಹೆಡ್ ಬಿಗಿ ಮಾಡಿ, ಕಾಲರ್ ಬಿಗಿ ಮಾಡಿ, ಒಮ್ಮೆ ಅಲ್ಲಾಡಿಸಿ ನೋಡಿ. ಬಂಡೆಯ ಮೇಲೆ ಹತ್ತುವಾಗ, ದೋಣಿಗೆ ಇಳಿಯುವಾಗ ಮಾತ್ರ ಲೆನ್ಸ್ ಬಿಚ್ಚಿ ಚೀಲಕ್ಕೆ ಹಾಕಿ. ಆ ಹೊತ್ತಿಗೆ ಕೋಲು ಊರುಗೋಲಾಗಿ ಬೇಕಾಗುತ್ತದೆ.